ಕೂಸಿನ ಅರಿವಿಯ ಲೆಕ್ಕ

ನಮ್ಮ ಧಾರವಾಡದ ಕಡೆ ಮನೆಯಲ್ಲಿ ಕೂಸು ಹುಟ್ಟುವ ಮೊದಲೇ ಅಜ್ಜಿಯರು ಟ್ರಂಕು ತೆಗೆಯುತ್ತಾರೆ. ತಳದಲ್ಲಿ ಮಡಿಚಿಟ್ಟ ಹಳೆಯ ಧೋತರ, ಸವೆದ ನೂಲಿನ ಸೀರೆ ಹೊರಗೆ ಬರುತ್ತವೆ. ಕತ್ತರಿಸಿ ಕಟ್ಟಿದರೆ ಲಂಗೋಟಿ, ಹೊಲಿದರೆ ಕುಂಚಿಗೆ, ಉಳಿದ ತುಂಡುಗಳನ್ನೆಲ್ಲ ಸೇರಿಸಿದರೆ ಕೌದಿ. ಮಕ್ಕಳೇ, ನಿಮ್ಮ ಅಜ್ಜ-ಅಜ್ಜಿಯರೆಲ್ಲ ಇವುಗಳಲ್ಲೇ ಬೆಳೆದವರು.

ಈಗ ಅದೇ ಮನೆಗೆ ಕೊರಿಯರ್‌ನವರು ಒಂದು ಪೊಟ್ಟಣ ತಂದು ಕೊಡುತ್ತಾರೆ. ಒಳಗೆ ಆನೆ, ಜಿರಾಫೆಯ ಚಿತ್ರವಿರುವ ಪುಟ್ಟ ಚಡ್ಡಿಗಳು, ಜೊತೆಗೆ ಉದ್ದನೆಯ ದಪ್ಪ ಪಟ್ಟಿಗಳು. ಇದರ ಹೆಸರು ಹೈಬ್ರಿಡ್ ಡೈಪರ್. ನಮ್ಮ ಸೊಸೆ ತರಿಸಿದಾಗ ನಮ್ಮ ಮನೆಯಾಕಿ, "ಹೈಬ್ರಿಡ್ ಜ್ವಾಳ ಕೇಳಿದ್ದೆ, ಹೈಬ್ರಿಡ್ ಲಂಗೋಟಿ ಇವತ್ತ ನೋಡಾಕತ್ತೀನಿ" ಎಂದು ನಕ್ಕಳು. ಅನೇಕ ಅಜ್ಜಿಯರಿಗೆ ಇದೇ ಅನಿಸಿರಬಹುದು. ಆದ್ದರಿಂದ ಈ ವಾರ ಅದರದೇ ಮಾತು.

ಎರಡು ತಳಿ ಕೂಡಿಸಿದರೆ ಹೈಬ್ರಿಡ್ ಜೋಳ. ಇಲ್ಲಿಯೂ ಎರಡು ಪದ್ಧತಿ ಕೂಡಿವೆ. ಒಂದು, ಒಗೆದು ಮತ್ತೆ ಕಟ್ಟುವ ಅರಿವಿ. ಇನ್ನೊಂದು, ಒಮ್ಮೆ ಬಳಸಿ ಬಿಸಾಡುವ ಅಂಗಡಿಯ ಡೈಪರ್. ಹೈಬ್ರಿಡ್ ಡೈಪರಿನಲ್ಲಿ ಹೊರಗಿನ ಚಡ್ಡಿಗೆ ಕವರ್ ಎನ್ನುತ್ತಾರೆ. ಅದು ಪಾಲಿಯೆಸ್ಟರ್ ಬಟ್ಟೆ. ಒಳಮೈಗೆ ನೀರು ದಾಟದ ತೆಳುವಾದ ಪದರ ಅಂಟಿಸಿರುತ್ತಾರೆ. ಮುಂದೆ ಸಾಲು ಸಾಲು ಗುಂಡಿಗಳಿರುವುದರಿಂದ ಕೂಸು ಬೆಳೆದಂತೆ ಸಡಿಲ ಮಾಡಬಹುದು. ಒಳಗಿಡುವ ಪಟ್ಟಿಗೆ ಇನ್ಸರ್ಟ್ ಎಂದು ಹೆಸರು. ಹತ್ತಿಯದು, ಬಿದಿರಿನ ನಾರಿನದು, ಮೈಕ್ರೋಫೈಬರಿನದು ಸಿಗುತ್ತವೆ. ಊರಿಗೆ ಹೋಗುವಾಗ ಬೇಕಾದರೆ ಅದೇ ಕವರಿನಲ್ಲಿ ಬಿಸಾಡುವ ಪಟ್ಟಿಯನ್ನೂ ಇಡಬಹುದು. ಕೂಸು ಉಚ್ಚೆ ಹೊಯ್ದರೆ ಪಟ್ಟಿ ಮಾತ್ರ ಬದಲಿಸಿ, ಕವರ್ ಒರೆಸಿ ಮತ್ತೆ ಹಾಕಿದರಾಯಿತು. ಕವರಿಗೆ ಹೊಲಸು ತಾಗಿದರೆ ಮಾತ್ರ ಎರಡನ್ನೂ ಒಗೆಯಬೇಕು.

ಈ ಯುಕ್ತಿ ತೀರಾ ಹೊಸದಲ್ಲ. 1946ರಲ್ಲಿ ಅಮೆರಿಕದ ಮೇರಿಯನ್ ಡೊನೊವನ್ ಎಂಬ ತಾಯಿ, ಪದೇ ಪದೇ ಒದ್ದೆಯಾಗುವ ಹಾಸಿಗೆ ಒಗೆದು ಬೇಸತ್ತು, ಬಚ್ಚಲಮನೆಯ ಪ್ಲಾಸ್ಟಿಕ್ ಪರದೆಯನ್ನೇ ಕತ್ತರಿಸಿ ಹೊಲಿಗೆ ಯಂತ್ರದ ಮುಂದೆ ಕುಳಿತಳು. ಬಟ್ಟೆಯ ಮೇಲೆ ತೊಡಿಸುವ ಕವರ್ ತಯಾರಾಯಿತು. ಆಗ ಬಳಕೆಯಲ್ಲಿದ್ದ ರಬ್ಬರ್ ಚಡ್ಡಿಯಿಂದ ಕೂಸುಗಳ ಮೈ ಕೆಂಪಾಗುತ್ತಿತ್ತು. ಆಕೆ ಮುಂದೆ ಪ್ಯಾರಾಶೂಟಿನ ನೈಲಾನ್ ಬಟ್ಟೆ ಬಳಸಿದಳು. ಚುಚ್ಚುವ ಪಿನ್ನಿನ ಬದಲು ಒತ್ತುವ ಗುಂಡಿ ಇಟ್ಟಳು. 1949ರಲ್ಲಿ ನ್ಯೂಯಾರ್ಕಿನ ದೊಡ್ಡ ಅಂಗಡಿಯಲ್ಲಿ ಅದು ಮಾರಾಟಕ್ಕೆ ಬಂತು, 1951ರಲ್ಲಿ ಪೇಟೆಂಟ್ ಸಿಕ್ಕಿತು. ಇಂದಿನ ಕವರಿಗೆ ಆಕೆಯದನ್ನೇ ಅಜ್ಜಿ ಎನ್ನಬಹುದು.

ಇನ್ನು ನಮ್ಮ ಅಜ್ಜಿಯರು ಕೂಸಿಗೆ ಹೊಸ ಬಟ್ಟೆ ಬಿಟ್ಟು ಹಳೆಯ ಧೋತರವನ್ನೇ ಏಕೆ ಹುಡುಕುತ್ತಿದ್ದರು? ಬಡತನ ಒಂದು ಕಾರಣವಿರಬಹುದು. ಇನ್ನೊಂದು ಕಾರಣವನ್ನು ನೀವೇ ಪ್ರಯೋಗ ಮಾಡಿ ನೋಡಿ. ಇನ್ನೂ ನೀರು ಕಾಣದ ಹೊಸ ಹತ್ತಿ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಎಷ್ಟೋ ಸಲ ಹನಿ ಮುತ್ತಿನ ಹಾಗೆ ಮೇಲೆಯೇ ನಿಲ್ಲುತ್ತದೆ. ನೂರು ಸಲ ಒಗೆದ ಧೋತರದ ಮೇಲೆ ಬಿಡಿ. ಬಿದ್ದ ಕೂಡಲೇ ಮಾಯ! ಹತ್ತಿಯ ಎಳೆಗೆ ಹುಟ್ಟಿನಿಂದಲೇ ಮೇಣದಂಥ ಜಿಡ್ಡು ಇರುತ್ತದೆ. ನೇಯುವಾಗ ಹಾಕಿದ ಗಂಜಿಯೂ ಸೇರಿರುತ್ತದೆ. ಒಗೆದಷ್ಟೂ ಇವು ಹೋಗಿ ಬಟ್ಟೆ ನೀರು ಕುಡಿಯಲು ಕಲಿಯುತ್ತದೆ, ಮೆತ್ತಗೂ ಆಗುತ್ತದೆ. ಹೊಸ ಇನ್ಸರ್ಟನ್ನು ನಾಲ್ಕಾರು ಸಲ ಒಗೆದ ಮೇಲೆಯೇ ಬಳಸಿ ಎಂದು ಈಗಿನ ಪೊಟ್ಟಣದ ಮೇಲೆ ಬರೆಯುವುದೂ ಇದಕ್ಕೇ. ಅಜ್ಜಿಯರಿಗೆ ಪೊಟ್ಟಣ ಓದುವ ಅಗತ್ಯ ಬಿದ್ದಿರಲಿಲ್ಲ, ಅಷ್ಟೆ.

ಹಾಗಾದರೆ ಬಟ್ಟೆಯೇ ಒಳ್ಳೆಯದು ಎಂದು ತೀರ್ಪು ಕೊಟ್ಟುಬಿಡೋಣವೇ? ಸ್ವಲ್ಪ ತಡೆಯಿರಿ. ಒಗೆಯಲು ನೀರು ಬೇಕಲ್ಲ! ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರುವುದು ಮಲಪ್ರಭೆಯಿಂದ, ಸವದತ್ತಿಯ ರೇಣುಕಾಸಾಗರದಿಂದ. ಎಷ್ಟೋ ಓಣಿಗಳಲ್ಲಿ ನಳ ದಿನಾ ಬರುವುದಿಲ್ಲ. ನಳ ಬಂದ ದಿನ ಹೌದು, ಬ್ಯಾರಲ್ಲು, ಕೊಡ ಎಲ್ಲ ತುಂಬಿಟ್ಟುಕೊಂಡು ಮುಂದಿನ ಸರದಿಯವರೆಗೆ ಕಾಯಬೇಕು. ನಾಲ್ಕು ತಿಂಗಳ ಕೂಸು ಮಾತ್ರ ನಳದ ಸರದಿ ನೋಡಿ ಉಚ್ಚೆ ಹೊಯ್ಯುವುದಿಲ್ಲ.

ಆದ್ದರಿಂದ ಆರನೇ ಇಯತ್ತೆಯಲ್ಲಿ ಓದುವ ನಮ್ಮ ಮೊಮ್ಮಗಳಿಗೆ ಬಕೀಟಿನ ಲೆಕ್ಕ ಇಡಲು ಹೇಳಿದೆ. ತಮ್ಮನ ಒಂದು ದಿನದ ಪಟ್ಟಿಗಳಿಗೆ ಎಷ್ಟು ಬಕೀಟು ಹಿಡಿಯಿತು ಎಂದು ಕ್ಯಾಲೆಂಡರಿನಲ್ಲಿ ಬರೆಯತೊಡಗಿದಳು. ಮೊದಲ ವಾರ ದಿನಕ್ಕೆ ನಾಲ್ಕು. ಆಮೇಲೆ ಕೊನೆಯ ಸಲ ಜಾಲಿಸಿದ ತಿಳಿ ನೀರನ್ನು ಚೆಲ್ಲದೆ ಇಟ್ಟು, ಮರುದಿನದ ಮೊದಲ ಜಾಲಾಟಕ್ಕೆ ಬಳಸಿದೆವು. ಒದ್ದೆ ಪಟ್ಟಿಗಳನ್ನು ನೀರಿನಲ್ಲಿ ನೆನೆಹಾಕದೆ, ಒಣ ಬುಟ್ಟಿಯಲ್ಲಿ ಕೂಡಿಟ್ಟು ಒಟ್ಟಿಗೆ ಒಗೆದೆವು. ಲೆಕ್ಕ ಎರಡು ಬಕೀಟಿಗೆ ಇಳಿಯಿತು. ಕವರನ್ನು ಪ್ರತಿ ಸಲ ಒಗೆಯಬೇಕಿಲ್ಲ ಎನ್ನುವುದು ಇಲ್ಲಿ ದೊಡ್ಡ ಉಳಿತಾಯ.

ಎರಡನೆಯ ಪರೀಕ್ಷೆ ಮಳೆಗಾಲದ್ದು. ಆಷಾಢ-ಶ್ರಾವಣದಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ದಪ್ಪ ಇನ್ಸರ್ಟ್ ಎರಡು ದಿನವಾದರೂ ಒಣಗುವುದಿಲ್ಲ. ಹಿಂದೆ ಶೇಗಡಿಯ ಮೇಲೆ ಬುಟ್ಟಿ ಬೋರಲು ಹಾಕಿ ಅರಿವಿ ಒಣಗಿಸುತ್ತಿದ್ದರು. ಈಗಿನ ಮನೆಗಳಲ್ಲಿ ಶೇಗಡಿಯೂ ಇಲ್ಲ, ಆ ಹೊಗೆ ಕೂಸಿನ ಉಸಿರಿಗೆ ಒಳ್ಳೆಯದೂ ಅಲ್ಲ. ಆಗ ನಮ್ಮ ಮನೆಯಾಕಿಯೇ ದಾರಿ ತೋರಿಸಿದಳು. ನನ್ನ ಹಳೆಯ ಧೋತರದ ಒಂದು ತುಂಡನ್ನು ಆರು ಪದರ ಮಡಿಚಿ ಆನೆ ಚಿತ್ರದ ಕವರಿನೊಳಗೆ ಇಟ್ಟಳು. "ಬಿಚ್ಚಿ ಹಾಕಿದ್ರ ಫ್ಯಾನಿನ ಗಾಳಿಗೆ ಒಣಗತೈತಿ ನೋಡ" ಎಂದಳು. ಸಂಜೆ ಹಾಕಿದ್ದು ಮುಂಜಾನೆ ಒಣಗಿತ್ತು. ಸೊಸೆ, "ಅತ್ತೀ, ಇದು ಖರೇ ಹೈಬ್ರಿಡ್ ನೋಡ್ರಿ" ಎಂದಳು.

ಬಿಸಾಡುವ ಡೈಪರನ್ನು ನಾವು ಪೂರ್ತಿ ಬಿಟ್ಟಿಲ್ಲ. ರಾತ್ರಿ ಒಂದು ಬೇಕಾಗುತ್ತದೆ. ಬಸ್ಸಿನ ಪ್ರಯಾಣಕ್ಕೂ ಬೇಕು. ಅದರೊಳಗಿನ ಪುಡಿ ನೀರು ಹೀರಿ ಅಂಟಿನಂತಾಗಿ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಕೂಸು ಎಚ್ಚರವಾಗದೆ ಮಲಗುತ್ತದೆ. ಆದರೆ ಆ ಪುಡಿಯೂ ಹೊರಗಿನ ಪ್ಲಾಸ್ಟಿಕ್ಕೂ ಮಣ್ಣಿನಲ್ಲಿ ಬೇಗ ಕರಗುವಂಥವಲ್ಲ. ದಿನಕ್ಕೆ ಆರರಂತೆ ಲೆಕ್ಕ ಹಾಕಿ: ವರ್ಷಕ್ಕೆ 2190. ದಿನಕ್ಕೆ ಒಂದಾದರೆ 365.

ಅವು ಎಲ್ಲಿಗೆ ಹೋಗುತ್ತವೆ? ಮುಂಜಾನೆ ಓಣಿಗೆ ಬರುವ ಕಸದ ಗಾಡಿಗೆ. ಅದರ ಜೊತೆ ಬರುವ ಪೌರಕಾರ್ಮಿಕ ಹೆಣ್ಣುಮಗಳು ಒಮ್ಮೆ ನನಗೆ ಹೇಳಿದಳು: "ಅಜ್ಜಾರ, ಇದನ್ನ ಹಾಳ್ಯಾಗ ಸುತ್ತಿ ಬ್ಯಾರೆ ಕೊಡಾಕ ಎಲ್ಲಾರಿಗೂ ಹೇಳ್ರಿ. ಕಸದಾಗ ಕೂಡಿ ಬಂದ್ರ ಆರಿಸಾಕ ಕೈ ಹಾಕವ್ರು ನಾವ." ಘನತ್ಯಾಜ್ಯ ನಿರ್ವಹಣೆಯ 2016ರ ನಿಯಮಗಳೂ ಇದನ್ನೇ ಹೇಳಿದ್ದವು: ಬಳಸಿದ ಡೈಪರನ್ನು ಭದ್ರವಾಗಿ ಸುತ್ತಿ ಕೊಡಬೇಕು. ಹೊಲಸನ್ನು ಮೊದಲು ಸಂಡಾಸಿಗೆ ಹಾಕಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಮಾಡುವ ಕೆಲಸ ನಿಮ್ಮ ಮನೆಯಲ್ಲಿ ಯಾರದು? ಗುರುತು ಮಾಡುವುದನ್ನು ಮಕ್ಕಳೂ ಮಾಡಬಹುದು.

ಇನ್ನೊಂದು ಲೆಕ್ಕ ಬಕೀಟಿನಲ್ಲಿ ಬರುವುದಿಲ್ಲ. ನಾನು ಹಳೆಯ ಕಾಲದ ಲಂಗೋಟಿಯನ್ನು ಹೊಗಳುತ್ತಿದ್ದಾಗ ನಮ್ಮ ಮನೆಯಾಕಿ ತಡೆದು, "ಆವಾಗ ನನ್ನ ಮಕ್ಕಳ ಅರಿವಿ ಒಗದಾಕಿ ನಮ್ಮವ್ವ. ಆಕಿ ಸೊಂಟಾ ಎಷ್ಟ ನೋವತಿತ್ತು ಅಂತ ಯಾರ ಲೆಕ್ಕ ಬರದಾರ?" ಎಂದಳು. ಸೊಸೆಗೆ 26 ವಾರಗಳ ಹೆರಿಗೆ ರಜೆ ಇದೆ, ಅದು ಮುಗಿದರೆ ಅವಳು ಕೆಲಸಕ್ಕೆ ಹೋಗಬೇಕು. ನಮ್ಮ ಮನೆಯಾಕಿಗೆ ಮೊಣಕಾಲು ನೋವು. ಬಟ್ಟೆಯ ಡೈಪರ್ ಪರಿಸರಕ್ಕೆ ಒಳ್ಳೆಯದೆಂದು ಹೇಳಿ ಒಗೆಯುವುದನ್ನು ಇವರಿಬ್ಬರ ಮೇಲೆ ಹೊರಿಸಿದರೆ ಅದೆಂಥ ಒಳ್ಳೆಯದು? ಈಗ ಮುಂಜಾನೆಯ ಬುಟ್ಟಿ ನನ್ನದು, ಸಂಜೆಯದು ಮಗನದು, ಒಣಹಾಕುವುದು ಮೊಮ್ಮಗಳದು.

ಒಗೆಯುವವರಿಗೆ ಕೆಲವು ಮಾತು. ಸಾಧಾರಣ ಸೋಪಿನ ಪುಡಿ ಸಾಕು. ಬಟ್ಟೆ ಮೆದು ಮಾಡುವ ದ್ರವ ಹಾಕಬೇಡಿ. ಅದು ಎಳೆಗೆ ಅಂಟಿ ನೀರು ಹೀರದಂತೆ ಮಾಡುತ್ತದೆ. ಪಟ್ಟಿಗಳಿಗೆ ಚೆನ್ನಾಗಿ ಬಿಸಿಲು ಕೊಡಿ. ಕವರನ್ನು ಕುದಿಯುವ ನೀರಿಗೆ ಹಾಕದೆ ನೆರಳಿನಲ್ಲಿ ಒಣಗಿಸಿ. ಮೈಕ್ರೋಫೈಬರ್ ಪಟ್ಟಿ ನೇರವಾಗಿ ಕೂಸಿನ ಮೈಗೆ ತಾಗಬಾರದು, ಚರ್ಮ ಒಣಗುತ್ತದೆ. ಯಾವ ಡೈಪರಾದರೂ ಒದ್ದೆಯಾದ ಮೇಲೆ ಬಹಳ ಹೊತ್ತು ಬಿಡಬೇಡಿ.

ಬ್ರಿಟನ್ನಿನ ಪರಿಸರ ಇಲಾಖೆ 2008ರಲ್ಲಿ ಎರಡೂ ಬಗೆಯನ್ನು ಹೋಲಿಸಿ ನೋಡಿತ್ತು. ತುಂಬಾ ಬಿಸಿ ನೀರಿನಲ್ಲಿ ಒಗೆದು ಯಂತ್ರದಲ್ಲಿ ಒಣಗಿಸಿದರೆ ಬಟ್ಟೆಯ ಲಾಭ ಕರಗುತ್ತದೆ. ಹಗ್ಗದ ಮೇಲೆ ಒಣಗಿಸಿ, ಎರಡನೆಯ ಕೂಸಿಗೂ ಅದನ್ನೇ ಬಳಸಿದರೆ ಲಾಭ ದೊಡ್ಡದು ಎಂದು ಕಂಡುಬಂತು. ಹಗ್ಗ ಮತ್ತು ಬಿಸಿಲು ನಮ್ಮ ಅಂಗಳದಲ್ಲಿವೆ. ಅಕ್ಕನ ಕೂಸಿನ ಅರಿವಿ ತಂಗಿಯ ಕೂಸಿಗೆ ಕೊಡುವ ರೂಢಿಯೂ ನಮ್ಮಲ್ಲಿದೆ.

ಮಕ್ಕಳೇ, ನಿಮ್ಮ ಮನೆಯಲ್ಲಿ ಕೂಸಿದ್ದರೆ ಒಂದು ವಾರ ಲೆಕ್ಕ ಇಡಿ: ಎಷ್ಟು ಪಟ್ಟಿ, ಎಷ್ಟು ಬಕೀಟು, ಬಿಸಾಡಿದ್ದು ಎಷ್ಟು. ಕೊನೆಯ ಸಾಲಿನಲ್ಲಿ ಪ್ರತಿದಿನ ಒಗೆದವರ ಹೆಸರು ಬರೆಯಿರಿ. ಒಂದೇ ಹೆಸರು ಏಳು ದಿನವೂ ಬಂದರೆ, ಎಂಟನೆಯ ದಿನ ಅವರಿಗೆ ರಜೆ ಕೊಡಿಸುವುದು ನಿಮ್ಮ ಕೆಲಸ.