ಪುಕ್ಕಟೆ ಬ್ರೌಸರಿನ ಗೇಣಿ

ಕಳೆದ ವಾರ ನಮ್ಮ ಪತ್ರಿಕೆಯ ಕಛೇರಿಯ ಕಂಪ್ಯೂಟರಿಗೆ ಒಂದು ಹೊಸ ಬ್ರೌಸರು ಬಂತು. ಪೂರ್ತಿ ಹೊಸದೇನಲ್ಲ, ಇದ್ದುದರದೇ ಹೊಸ ಆವೃತ್ತಿ. ನಾವು ಕರೆಯಲಿಲ್ಲ, ತಾನಾಗಿಯೇ ಬಂದು ಕುಳಿತಿತು. ಅಕ್ಷರ ಜೋಡಿಸುವ ನಮ್ಮ ತರುಣ ಮಿತ್ರರಿಗೆ ಬಹಳ ಸಂತೋಷವಾಯಿತು. ಪುಟಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತವೆ, ಒತ್ತಕ್ಷರಗಳು ಒಡೆಯದೆ ನಿಲ್ಲುತ್ತವೆ, ಇನ್ನೇನು ಬೇಕು ಎಂದರು. ನಾವೂ ಕುಳಿತು ನೋಡಿದೆವು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಕೆಲಸ ಚುರುಕಾಗಿಯೇ ಸಾಗಿತು.

ಆದರೆ ಪುಕ್ಕಟೆ ಬಂದ ವಸ್ತುವನ್ನು ಒಮ್ಮೆ ತಿರುಗಿಸಿ ತಳ ನೋಡುವುದು ನಮ್ಮ ಹಳೆಯ ಚಾಳಿ. ಸೆಟ್ಟಿಂಗ್ಸ್ ಎಂಬ ಒಳಮನೆಯನ್ನು ಹೊಕ್ಕು ನೋಡಿದೆವು. ನಾವು ಆರಿಸಿಕೊಂಡಿದ್ದ ಹುಡುಕುವ ತಾಣ ಹೋಗಿ, ಬೇರೊಂದು ಬಂದಿತ್ತು. ನಾವು ಏನು ನೋಡುತ್ತೇವೋ ಅದಕ್ಕೆ ತಕ್ಕ ಜಾಹೀರಾತು ತೋರಿಸಲು ನಾವು ಒಪ್ಪಿದ್ದೆವು! ನಮ್ಮ ಬಳಕೆಯ ವರದಿಯನ್ನು ಕಂಪನಿಗೆ ಕಳಿಸಲೂ ಒಪ್ಪಿದ್ದೆವು! ನಾಲ್ಕು ಕಡೆ ಒಪ್ಪಿಗೆಯ ಗುರುತು ನಮಗಿಂತ ಮೊದಲೇ ಬಿದ್ದಿತ್ತು. ಕರಾರುಪತ್ರವೋ, ಇಂಗ್ಲಿಷಿನಲ್ಲಿ, ನಮ್ಮ ಪತ್ರಿಕೆಯ ಇಡೀ ಸಂಚಿಕೆಗಿಂತ ಉದ್ದವಾಗಿತ್ತು. ಕಛೇರಿಯಲ್ಲಿ ಒಬ್ಬರೂ ಅದನ್ನು ಕೊನೆಯವರೆಗೆ ಓದಿರಲಿಲ್ಲ. ಆದರೂ ಅದರ ಕೆಳಗೆ ನಮ್ಮೆಲ್ಲರ ಹೆಬ್ಬೆಟ್ಟು ಬಿದ್ದಾಗಿತ್ತು.

ಆ ಕಂಪನಿಯ ಹೆಸರನ್ನು ನಾವಿಲ್ಲಿ ಬರೆಯುವುದಿಲ್ಲ. ಒಬ್ಬ ಧಣಿಯನ್ನು ಬೈದು ಗೇಣಿಯ ಪದ್ಧತಿಯನ್ನು ಮರೆಯುವುದು ಬುದ್ಧಿವಂತಿಕೆಯಲ್ಲ.

ಬೇಡವಾದರೆ ಬಿಡಿ ಎನ್ನುವವರಿಗೆ

ಈ ಮಾತನ್ನು ಎತ್ತಿದೊಡನೆ ಬರುವ ಉತ್ತರ ಒಂದೇ: "ಅವರು ಪುಕ್ಕಟೆ ಕೊಡುತ್ತಿದ್ದಾರೆ. ನಿಮಗೆ ಬೇಡವಾದರೆ ಬೇರೆಯದನ್ನು ಹಾಕಿಕೊಳ್ಳಿ. ಯಾರು ತಡೆದರು?" ಕೇಳಲು ನ್ಯಾಯವಾದ ಮಾತು. ಇದನ್ನೇ ತೂಗಿ ನೋಡೋಣ.

ಮೊದಲನೆಯದಾಗಿ, ಕೊಡುವವರು ಯಾರ ಸ್ವತ್ತನ್ನು ಕೊಡುತ್ತಿದ್ದಾರೆ? ಜಾಲವನ್ನೂ ಮೊದಲ ಬ್ರೌಸರನ್ನೂ ರೂಪಿಸಿದವರು ಟಿಮ್ ಬರ್ನರ್ಸ್-ಲೀ. ಅವರು 1989–90ರಲ್ಲಿ ಕೆಲಸ ಮಾಡುತ್ತಿದ್ದುದು ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ. ಅದು ಯೂರೋಪಿನ ಹಲವು ಸರ್ಕಾರಗಳ ಹಣದಿಂದ ನಡೆಯುವ ಸಂಸ್ಥೆ. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಯಾವ ಕಪ್ಪಕಾಣಿಕೆಯೂ ಇಲ್ಲದೆ ಲೋಕದ ಸ್ವತ್ತಾಗಿ ಬಿಟ್ಟುಕೊಟ್ಟಿತು. ಜನಸಾಮಾನ್ಯರಿಗೆ ಜಾಲದ ರುಚಿ ಹತ್ತಿಸಿದ ಮೊಸಾಯಿಕ್ ಬ್ರೌಸರು ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಸಾರ್ವಜನಿಕ ಹಣದಿಂದ ತಯಾರಾಯಿತು. ಇಂದು ಲೋಕದ ಬಹುಪಾಲು ಜನ ಬಳಸುವ ಕ್ರೋಮಿನ ಎಂಜಿನ್ನಿನ ಮೂಲ ಎಲ್ಲಿದೆ? ಕೆಡಿಇ ಎಂಬ ಸ್ವಯಂಸೇವಕರ ಬಳಗ ಬರೆದ ಕೆಎಚ್‌ಟಿಎಂಎಲ್ ಎಂಬ ತಂತ್ರಾಂಶದಲ್ಲಿದೆ. ಅದನ್ನೆತ್ತಿಕೊಂಡು ಆಪಲ್ ಕಂಪನಿ 2003ರಲ್ಲಿ ಸಫಾರಿಯನ್ನು ಹೊರತಂದಿತು. ಅದರ ಮೇಲೆಯೇ ಗೂಗಲ್ 2008ರಲ್ಲಿ ಕ್ರೋಮನ್ನು ಕಟ್ಟಿ, 2013ರಲ್ಲಿ ಬ್ಲಿಂಕ್ ಎಂಬ ಹೆಸರಿನಲ್ಲಿ ತನ್ನ ಪಾಲನ್ನು ಬೇರೆ ಮಾಡಿಕೊಂಡಿತು.

ಇದರಲ್ಲಿ ಕಾನೂನಿನ ತಪ್ಪಿಲ್ಲ. ಕ್ರೋಮಿಯಂ ಎಂಬ ಮೂಲವನ್ನು ಗೂಗಲ್ ಎಲ್ಲರಿಗೂ ತೆರೆದಿಟ್ಟಿದೆ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಅದರ ಎಂಜಿನಿಯರುಗಳ ದುಡಿಮೆಯನ್ನೂ ನಾವು ಅಲ್ಲಗಳೆಯುವುದಿಲ್ಲ. ಆದರೆ ಗೋಮಾಳದಲ್ಲಿ ಬೆಳೆದ ಮರದಿಂದ ಬಾಗಿಲು ಮಾಡಿಸಿ, "ಬಾಗಿಲು ಪುಕ್ಕಟೆ ಕೊಟ್ಟಿದ್ದೇನೆ, ಒಳಗೆ ಹೋಗಿಬರುವವರ ಲೆಕ್ಕ ಮಾತ್ರ ನನ್ನದು" ಎನ್ನುವವನನ್ನು ಊರ ಜನ ದಾನಿಯೆಂದು ಕರೆಯಲಾರರು.

ಎರಡನೆಯದಾಗಿ, "ಬೇರೆಯದನ್ನು ಹಾಕಿಕೊಳ್ಳಲು ಯಾರು ತಡೆದರು" ಎಂಬ ಮಾತು. ಇದಕ್ಕೆ ಉತ್ತರ ಅಮೆರಿಕದ ನ್ಯಾಯಾಲಯದಲ್ಲೇ ಹೊರಬಿತ್ತು. ಬ್ರೌಸರು ಮತ್ತು ಫೋನುಗಳಲ್ಲಿ ತನ್ನ ಹುಡುಕುಯಂತ್ರವನ್ನೇ ಮೊದಲಿನಿಂದ ಕೂರಿಸಿಡುವುದಕ್ಕಾಗಿ ಗೂಗಲ್ 2021 ಒಂದೇ ವರ್ಷದಲ್ಲಿ 2,630 ಕೋಟಿ ಡಾಲರು ತೆತ್ತಿತ್ತು. 2022ರಲ್ಲಿ ಆಪಲ್ ಕಂಪನಿಯೊಂದಕ್ಕೇ ಸುಮಾರು 2,000 ಕೋಟಿ ಡಾಲರು ಸಂದಿತು. ಬಳಕೆದಾರ ಒಂದು ಗುಂಡಿ ಒತ್ತಿ ಬದಲಾಯಿಸಿಕೊಳ್ಳಬಹುದಾದರೆ, ಆ ಗುಂಡಿಯನ್ನು ಅವನು ಒತ್ತದಿರಲೆಂದು ಇಷ್ಟು ಹಣ ಸುರಿಯುವುದೇಕೆ? ಮೊದಲೇ ಬಿದ್ದ ಗುರುತನ್ನು ಸಾಮಾನ್ಯ ಮನುಷ್ಯ ಅಳಿಸುವುದಿಲ್ಲ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಸೋಮಾರಿತನಕ್ಕೂ ಅವರು ಬೆಲೆ ಕಟ್ಟಿದ್ದಾರೆ. ಆ ಬೆಲೆ ನಮಗೆ ಸಲ್ಲುವುದಿಲ್ಲ ಅಷ್ಟೆ.

2024ರ ಆಗಸ್ಟಿನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ಗೂಗಲ್ ಹುಡುಕಾಟದ ವ್ಯವಹಾರದಲ್ಲಿ ಕಾನೂನುಬಾಹಿರವಾಗಿ ಏಕಸ್ವಾಮ್ಯವನ್ನು ಉಳಿಸಿಕೊಂಡಿದೆ ಎಂದು ತೀರ್ಪಿತ್ತರು. ಆದರೆ 2025ರ ಸೆಪ್ಟೆಂಬರಿನಲ್ಲಿ ಪರಿಹಾರ ವಿಧಿಸುವಾಗ, ಕ್ರೋಮನ್ನು ಮಾರಬೇಕಾಗಿಲ್ಲ, ಹಣ ಕೊಡುವುದನ್ನೂ ನಿಲ್ಲಿಸಬೇಕಾಗಿಲ್ಲ, ಇತರರನ್ನು ಹೊರಗಿಡುವ ಕರಾರು ಮಾತ್ರ ಕೂಡದು ಎಂದರು. ತಪ್ಪು ಸಾಬೀತಾಯಿತು, ಗದ್ದೆ ಧಣಿಯಲ್ಲೇ ಉಳಿಯಿತು.

ಭಾರತದಲ್ಲೂ 2022ರ ಅಕ್ಟೋಬರಿನಲ್ಲಿ ಸ್ಪರ್ಧಾ ಆಯೋಗ, ಆಂಡ್ರಾಯ್ಡ್ ಫೋನುಗಳಲ್ಲಿ ತನ್ನ ಸ್ಥಾನಬಲವನ್ನು ದುರುಪಯೋಗ ಮಾಡಿದ್ದಕ್ಕಾಗಿ ಗೂಗಲಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದು, ಆಯೋಗದ ಕೆಲವು ನಿರ್ದೇಶನಗಳನ್ನು ಕೈಬಿಟ್ಟಿತು.

ಕೊಳಗ ಯಾರ ಕೈಯಲ್ಲಿ?

ಗೇಣಿ ಅಳೆಯುವ ಕೊಳಗವೇ ಧಣಿಯದಾದರೆ ಗೇಣಿದಾರನ ಗತಿ ಏನೆಂಬುದನ್ನು 1951ರ ಕಾಗೋಡು ಸತ್ಯಾಗ್ರಹ ಕಂಡ ಈ ಜಿಲ್ಲೆಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಬ್ರೌಸರು ಇಂದಿನ ಕೊಳಗ. ರೈತನ ಪಹಣಿ, ವಿದ್ಯಾರ್ಥಿಯ ಫಲಿತಾಂಶ, ಮುದುಕಿಯ ಪಿಂಚಣಿ, ಸಾಲದ ಅರ್ಜಿ, ರಾತ್ರಿ ಯಾರಿಗೂ ಹೇಳದೆ ಹುಡುಕಿದ ಕಾಯಿಲೆಯ ಹೆಸರು, ಸಂಘ ಕಟ್ಟಲು ಹೊರಟ ಕೂಲಿಯವನು ಓದಿದ ಕಾನೂನು ಎಲ್ಲವೂ ಈ ಒಂದು ಬಾಗಿಲನ್ನು ದಾಟಿಯೇ ಹೋಗಬೇಕು. ಆ ಬಾಗಿಲಿನ ಒಡೆಯನ ಆದಾಯದ ಬಹುಪಾಲು ಜಾಹೀರಾತಿನಿಂದ ಬರುವುದಾದರೆ, ಅವನು ಬಾಗಿಲನ್ನು ಯಾರ ಅನುಕೂಲಕ್ಕೆ ಕೆತ್ತಿಸುತ್ತಾನೆ?

ಉದಾಹರಣೆಗಳನ್ನು ದೂರ ಹುಡುಕಬೇಕಾಗಿಲ್ಲ. ಜಾಹೀರಾತುಗಳನ್ನೂ ಬೆನ್ನುಹತ್ತುವ ಗೂಢಚಾರ ಕಡತಗಳನ್ನೂ ತಡೆಯುವ ಯುಬ್ಲಾಕ್ ಆರಿಜಿನ್ ಎಂಬ ಉಪಕರಣವನ್ನು ಲಕ್ಷಾಂತರ ಜನ ಕ್ರೋಮಿಗೆ ಜೋಡಿಸಿಕೊಂಡಿದ್ದರು. 2024–25ರಲ್ಲಿ ಹೊಸ ಆವೃತ್ತಿಗಳು ಬಂದಂತೆ ಅದು ಕ್ರೋಮಿನಲ್ಲಿ ನಿಂತುಹೋಯಿತು. ಹೊಸ ನಿಯಮ ಭದ್ರತೆಗಾಗಿ ಎಂದಿತು ಕಂಪನಿ. ಹಲ್ಲು ಕಿತ್ತ ಒಂದು ಕಿರಿಯ ರೂಪ ಮಾತ್ರ ಉಳಿಯಿತು. ಜಾಹೀರಾತು ಮಾರುವವನೇ ಜಾಹೀರಾತು ತಡೆಯುವ ಬೇಲಿಯ ಎತ್ತರವನ್ನು ಗೊತ್ತುಮಾಡಿದ ನ್ಯಾಯವಿದು. ಇನ್ನು ಗುಟ್ಟಿನ ಕಿಟಕಿ ಎಂದು ಜನ ನಂಬಿದ್ದ ಇನ್‌ಕಾಗ್ನಿಟೋ. ಅದರಲ್ಲಿಯೂ ಮಾಹಿತಿ ಕೂಡಿಹಾಕಲಾಗಿದೆಯೆಂದು 2020ರಲ್ಲಿ ಅಮೆರಿಕದಲ್ಲಿ ದಾವೆ ಹೂಡಲಾಯಿತು. ಗೂಗಲ್ ತಪ್ಪನ್ನು ಒಪ್ಪಲಿಲ್ಲ. ಆದರೆ 2024ರ ರಾಜಿಯಲ್ಲಿ ಕೋಟ್ಯಂತರ ದಾಖಲೆಗಳನ್ನು ಅಳಿಸಿಹಾಕಲು ಒಪ್ಪಿತು. ಇಲ್ಲದ ದಾಖಲೆಯನ್ನು ಯಾರೂ ಅಳಿಸಲಾರರು.

ಏಕಸ್ವಾಮ್ಯ ಬಂದ ಮೇಲೆ ಹೊಸ ಆವೃತ್ತಿಯೂ ನಿಲ್ಲುತ್ತದೆಂಬುದಕ್ಕೆ ಹಳೆಯ ಪಾಠವಿದೆ. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಪ್ಲೋರರನ್ನು ವಿಂಡೋಸಿಗೆ ಅಂಟಿಸಿ ನೆಟ್‌ಸ್ಕೇಪನ್ನು ಮುಗಿಸಿತು. 2001ರಲ್ಲಿ ಆರನೆಯ ಆವೃತ್ತಿ ಬಂತು. ಏಳನೆಯದು ಬಂದದ್ದು 2006ರಲ್ಲಿ! ಎದುರಾಳಿ ಇಲ್ಲದ ಐದು ವರ್ಷ ಅದು ಮಲಗಿತ್ತು. ಎಬ್ಬಿಸಿದ್ದು 2004ರ ನವೆಂಬರಿನಲ್ಲಿ ಹೊರಬಂದ ಫೈರ್‌ಫಾಕ್ಸ್. ಆ ಅವಧಿಯಲ್ಲಿ ದಕ್ಷಿಣ ಕೊರಿಯಾದ ಬ್ಯಾಂಕುಗಳೂ ಕಛೇರಿಗಳೂ ಆ ಒಂದೇ ಬ್ರೌಸರಿಗೆ ತಮ್ಮನ್ನು ಕಟ್ಟಿಹಾಕಿಕೊಂಡು, ಬಿಡಿಸಿಕೊಳ್ಳಲು ಮುಂದೆ ವರ್ಷಗಟ್ಟಲೆ ಪರದಾಡಿದವು.

ನಮ್ಮವರೆಂದು ಬಿಟ್ಟುಬಿಡಲಾಗದು

ನಮ್ಮ ಕಛೇರಿ ಈಗ ಫೈರ್‌ಫಾಕ್ಸಿಗೆ ಬದಲಾಗಿದೆ. ಅದು ಕನ್ನಡದಲ್ಲಿ ದೊರೆಯುತ್ತದೆ, ಅದರ ಎಂಜಿನ್ನು ಬೇರೆ, ಹಿಂದಿರುವುದು ಲಾಭಕ್ಕಾಗಿ ನಡೆಯದ ಮೊಜಿಲ್ಲಾ ಪ್ರತಿಷ್ಠಾನ. ಆದರೆ ನಮ್ಮ ಕಡೆಯವನೆಂದು ತಪ್ಪನ್ನು ಮುಚ್ಚುವುದು ಈ ಪತ್ರಿಕೆಗೆ ಸಲ್ಲದು.

2024ರ ಜುಲೈಯಲ್ಲಿ ಬಂದ ಫೈರ್‌ಫಾಕ್ಸ್ 128ರಲ್ಲಿ, ಜಾಹೀರಾತುಗಳ ಫಲವನ್ನು ಅಳೆಯುವ ಒಂದು ಹೊಸ ಏರ್ಪಾಟು ಬಳಕೆದಾರನನ್ನು ಕೇಳದೆಯೇ ಚಾಲೂ ಆಗಿತ್ತು. ಆಸ್ಟ್ರಿಯದಲ್ಲಿ ದೂರು ದಾಖಲಾಯಿತು. 2025ರ ಫೆಬ್ರವರಿಯಲ್ಲಿ ಹೊಸ ಕರಾರು ಬಂದಾಗ, ನಿಮ್ಮ ಮಾಹಿತಿಯನ್ನು ಎಂದೂ ಮಾರುವುದಿಲ್ಲವೆಂಬ ಹಳೆಯ ವಾಗ್ದಾನ ಅವರ ಪುಟದಿಂದ ಮಾಯವಾಯಿತು. ಜನ ಕೂಗೆಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ ಕರಾರಿನ ಮಾತುಗಳನ್ನು ತಿದ್ದಿದರು. ಕೂಗಿದರೆ ತಿದ್ದುತ್ತಾರೆ ಎಂಬುದು ಇಲ್ಲಿಯ ವ್ಯತ್ಯಾಸ, ಅದನ್ನು ಒಪ್ಪುತ್ತೇವೆ.

ಆದರೆ ರೋಗದ ಬೇರು ಆಳದಲ್ಲಿದೆ. 2025ರ ಮೇ ತಿಂಗಳಲ್ಲಿ ಮೊಜಿಲ್ಲಾದ ಹಣಕಾಸು ಅಧಿಕಾರಿಯೇ ನ್ಯಾಯಾಲಯದಲ್ಲಿ ಹೇಳಿದಂತೆ, ಫೈರ್‌ಫಾಕ್ಸಿನ ಆದಾಯದಲ್ಲಿ ನೂರಕ್ಕೆ ಸುಮಾರು 85 ಪಾಲು ಬರುತ್ತಿದ್ದುದು ಗೂಗಲಿನಿಂದ. ಎದುರಾಳಿಯ ಅಂಗಳದಲ್ಲಿ ಉಣ್ಣುವವನು ಎಷ್ಟು ದಿನ ಎದುರು ನಿಂತಾನು? 2020ರ ಆಗಸ್ಟಿನಲ್ಲಿ ಅದೇ ಸಂಸ್ಥೆ ಸುಮಾರು 250 ಕೆಲಸಗಾರರನ್ನು ಮನೆಗೆ ಕಳಿಸಿತು. ಸರ್ವೋ ಎಂಬ ಹೊಸ ಎಂಜಿನ್ನನ್ನು ಕಟ್ಟುತ್ತಿದ್ದವರ ತಂಡವೂ ಅದರಲ್ಲಿ ಚದುರಿಹೋಯಿತು.

ಸ್ವದೇಶಿಯ ಸೋಗು

ಇನ್ನು ನಮ್ಮ ಸರ್ಕಾರದ ಪ್ರತಾಪ. ಕೇಂದ್ರ ಸರ್ಕಾರ 2023ರಲ್ಲಿ ಭಾರತೀಯ ಬ್ರೌಸರಿಗಾಗಿ ಒಂದು ಸ್ಪರ್ಧೆ ಹೂಡಿತು. 2025ರ ಮಾರ್ಚಿನಲ್ಲಿ ಜೋಹೋ ಕಂಪನಿಗೆ 1 ಕೋಟಿ ರೂಪಾಯಿಯ ಮೊದಲ ಬಹುಮಾನ ಬಂತು. ಅದರ ಉಲಾ ಬ್ರೌಸರು ಬಳಕೆದಾರನ ಗುಟ್ಟನ್ನು ಕಾಯಲು ಹೆಚ್ಚು ಗಮನ ಕೊಟ್ಟಿದೆಯೆಂಬುದು ಮೆಚ್ಚಬೇಕಾದ ಸಂಗತಿ. ಆದರೆ ಅದರ ಎಂಜಿನ್ನೂ ಅದೇ ಕ್ರೋಮಿಯಂ. ಮಿಲ್ಲಿನ ನೂಲಿನಿಂದ ನೇಯ್ದು ಖಾದಿಯ ಮುದ್ರೆ ಒತ್ತಿದರೆ ಸ್ವದೇಶಿಯಾಗದು. 2020ರಲ್ಲಿ ಮೈಕ್ರೋಸಾಫ್ಟಿನಂಥ ದೈತ್ಯವೇ ತನ್ನ ಎಂಜಿನ್ನನ್ನು ಬಿಟ್ಟು ಇದಕ್ಕೆ ಶರಣಾಯಿತು. ಹೆಸರು ಹತ್ತು, ಎಂಜಿನ್ನು ಮಾತ್ರ ಮೂರು: ಗೂಗಲಿನದು, ಆಪಲಿನದು, ಮೊಜಿಲ್ಲಾದ್ದು. ಯಾವ ಪುಟ ಹೇಗೆ ತೆರೆಯಬೇಕೆಂದು ಕೊನೆಗೆ ನಿರ್ಧರಿಸುವುದು ಎಂಜಿನ್ನು, ಮೇಲಿನ ಬಣ್ಣವಲ್ಲ.

ನಾವು ಕೇಳುವುದೇನು?

ಒಂದು: ರಾಜ್ಯ ಸರ್ಕಾರದ ಎಲ್ಲ ಜಾಲತಾಣಗಳೂ ಈ ಮೂರು ಎಂಜಿನ್ನುಗಳಲ್ಲೂ ಪರೀಕ್ಷೆಯಾಗಿ ತೇರ್ಗಡೆ ಹೊಂದಿದ ಮೇಲೆಯೇ ಜನರಿಗೆ ತೆರೆಯತಕ್ಕದ್ದು. ಯಾವ ತಾಣವೂ "ಇಂಥದೇ ಬ್ರೌಸರಿನಲ್ಲಿ ನೋಡಿ" ಎನ್ನಕೂಡದು. ಪಹಣಿ ಕೇಳಲು ಬಂದವನನ್ನು ಇಂಥದೇ ಅಂಗಡಿಯ ಚೀಲ ತಾ ಎಂದು ತಿರುಗಿಸಿ ಕಳಿಸುವ ಅಧಿಕಾರ ಯಾರಿಗೂ ಇಲ್ಲ.

ಎರಡು: ಒಪ್ಪಿಗೆಯ ಗುರುತು ಖಾಲಿಯಾಗಿ ಬರಬೇಕು, ತುಂಬುವವನು ಬಳಕೆದಾರ. ಕರಾರು ಕನ್ನಡದಲ್ಲಿ ಇರಬೇಕು. ಇದು ನಾವು ಬೇಡುವ ಭಿಕ್ಷೆಯಲ್ಲ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೇ, ಒಪ್ಪಿಗೆ ಮುಕ್ತವೂ ಸ್ಪಷ್ಟವೂ ಆಗಿರಬೇಕು, ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಅದನ್ನು ಓದುವ ಅವಕಾಶವಿರಬೇಕು ಎನ್ನುತ್ತದೆ. 2025ರ ನವೆಂಬರಿನಲ್ಲಿ ನಿಯಮಗಳನ್ನು ಪ್ರಕಟಿಸಿದ ಸರ್ಕಾರ, ಮುಖ್ಯ ಹೊಣೆಗಳ ಜಾರಿಗೆ ಕಂಪನಿಗಳಿಗೆ ಹದಿನೆಂಟು ತಿಂಗಳ ವಾಯಿದೆ ಕೊಟ್ಟಿತು. ಬಡವನ ಬಾಕಿಗೆ ಹದಿನೆಂಟು ದಿನದ ವಾಯಿದೆಯನ್ನೂ ಕೊಡದ ಕೈ ಇದು!

ಮೂರು: ಸಾರ್ವಜನಿಕ ಹಣ ಸಾರ್ವಜನಿಕ ಎಂಜಿನ್ನಿಗೆ ಹೋಗಬೇಕು. ಕೈಬಿಡಲ್ಪಟ್ಟ ಸರ್ವೋ ಸಾಯಲಿಲ್ಲ. 2020ರಲ್ಲೇ ಲಿನಕ್ಸ್ ಫೌಂಡೇಷನ್ನಿನ ಆಶ್ರಯಕ್ಕೆ ಬಂತು. 2023ರಿಂದ ಅದನ್ನು ಮುಂದೆ ನಡೆಸುತ್ತಿರುವವರಲ್ಲಿ ಮುಖ್ಯರು ಸ್ಪೇನಿನ ಇಗಾಲಿಯಾ ಎಂಬ ಸಂಸ್ಥೆಯವರು. ಅದರ ಒಡೆತನ ಅಲ್ಲಿ ದುಡಿಯುವವರದೇ. ನಿತ್ಯದ ಬಳಕೆಗೆ ಸರ್ವೋ ಇನ್ನೂ ಸಿದ್ಧವಾಗಿಲ್ಲ, ಹಲವು ಪುಟಗಳಲ್ಲಿ ಎಡವುತ್ತದೆ. ಹಾಗಿದ್ದೂ ಹೊಸ ಆವೃತ್ತಿಯನ್ನು ಪರೀಕ್ಷಿಸುವ ಉತ್ಸಾಹವುಳ್ಳ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಪರೀಕ್ಷಿಸಬೇಕಾದದ್ದು ಇದನ್ನೇ. ಕನ್ನಡದ ಒತ್ತಕ್ಷರ ಎಲ್ಲಿ ಒಡೆಯುತ್ತದೆಂದು ಅವರು ಬರೆದು ತಿಳಿಸಲಿ, ಸಾಧ್ಯವಿದ್ದವರು ತಿದ್ದಿಕೊಡಲಿ. ಬಹುಮಾನದ ಹಣದಲ್ಲಿ ಒಂದು ಪಾಲನ್ನು ಸರ್ಕಾರ ಈ ಕೆಲಸಕ್ಕೆ ಕೊಡಲಿ.

ನಮ್ಮ ತರುಣ ಮಿತ್ರರು ಇನ್ನೂ ಪೂರ್ತಿ ಒಪ್ಪಿಲ್ಲ. ಹಳೆಯದು ವೇಗವಾಗಿತ್ತು ಎಂದು ಗೊಣಗುತ್ತಾರೆ. ಇರಬಹುದು. ಅವರ ಗೊಣಗಾಟಕ್ಕೆ ನಾವು ಸಿಟ್ಟಾಗುವುದಿಲ್ಲ, ಏಕೆಂದರೆ ಸರಕು ಚೆನ್ನಾಗಿರಬೇಕೆಂದು ಕೇಳುವುದು ದುಡಿಯುವವನ ಹಕ್ಕು. ಆದರೆ ವೇಗವಾಗಿ ಓಡುವ ಬಂಡಿ ಯಾರ ಕಣಕ್ಕೆ ಹೋಗುತ್ತಿದೆ ಎಂದು ಕೇಳುವುದೂ ಅವನ ಹಕ್ಕೇ.

ಓದುಗ ಬಂಧುಗಳೇ, ಈ ಹೊತ್ತೇ ನಿಮ್ಮ ಬ್ರೌಸರಿನ ಸೆಟ್ಟಿಂಗ್ಸನ್ನು ತೆರೆಯಿರಿ. ನಿಮ್ಮ ಹೆಸರಿನಲ್ಲಿ ಯಾರು ಯಾರಿಗೆ ಎಷ್ಟು ಒಪ್ಪಿಗೆ ಕೊಟ್ಟಿದ್ದಾರೆಂದು ಎಣಿಸಿ. ನೀವು ಹಾಕದ ಗುರುತುಗಳನ್ನು ಅಳಿಸಿ. ಎಷ್ಟು ಅಳಿಸಿದಿರೆಂದು ನಮಗೆ ಒಂದು ಸಾಲು ಬರೆಯಿರಿ. ಆ ಲೆಕ್ಕವನ್ನು ಒಟ್ಟುಮಾಡಿ ನಮ್ಮ ಶಾಸಕರ ಮುಂದಿಡುತ್ತೇವೆ. ಕೊಳಗವನ್ನು ತಿರುಗಿಸಿ ತಳ ನೋಡಿದ ದಿನವೇ ಗೇಣಿದಾರನ ಬೆನ್ನು ನೆಟ್ಟಗಾದದ್ದು.