ಸನದ್ ಇಲ್ಲದ ಸುದ್ದಿ

ಹದೀಸ್ ಕಲಿಯಲು ಕುಳಿತ ಮದ್ರಸಾ ವಿದ್ಯಾರ್ಥಿಗೆ ಹದೀಸಿನ ಮಾತಿನಷ್ಟೇ ಮಹತ್ವದಿಂದ ಅದರ ಸನದನ್ನೂ ಕಲಿಸಲಾಗುತ್ತದೆ. ಇದನ್ನು ಹೇಳಿದವರು ಯಾರು? ಅವರು ಯಾರಿಂದ ಕೇಳಿದರು? ಇಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೇ, ಭೇಟಿಯಾಗಿದ್ದರೇ? ಹೇಳಿದವರ ನೆನಪಿನ ಶಕ್ತಿ ಹೇಗಿತ್ತು, ನಡತೆ ಹೇಗಿತ್ತು? ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾಗಿದ್ದರೂ ಮಾತು ಎಷ್ಟೇ ಸುಂದರವಾಗಿದ್ದರೂ ಅದನ್ನು ‘ಝಈಫ್’ ಎಂದು ಬದಿಗಿರಿಸಲಾಗುತ್ತದೆ. ಮುದ್ರಣ ಯಂತ್ರವೂ ದೂರವಾಣಿಯೂ ಇಲ್ಲದ ಕಾಲದಲ್ಲಿ ಇಮಾಮ್ ಬುಖಾರಿಯಂಥ ವಿದ್ವಾಂಸರು ಹದೀಸ್‌ಗಳನ್ನು ಸಂಗ್ರಹಿಸಲು, ಅವುಗಳ ಸನದನ್ನು ಪರಿಶೀಲಿಸಲು ಊರಿಂದ ಊರಿಗೆ ಪ್ರಯಾಣ ಮಾಡಿದರು. ಇಂದು ಪ್ರತಿಯೊಬ್ಬರ ಕಿಸೆಯಲ್ಲೂ ಫೋನ್ ಇದೆ, ಪ್ರತಿ ಚಾನೆಲ್‌ಗೂ ಉಪಗ್ರಹವಿದೆ. ಆದರೆ ‘ಇದನ್ನು ಯಾರು ಕಂಡರು?’ ಎಂಬ ಒಂದೇ ಒಂದು ಪ್ರಶ್ನೆಯನ್ನು ಕೇಳುವವರಿಲ್ಲ.

ಇದರ ಬೆಲೆ ಏನೆಂಬುದನ್ನು ನಮ್ಮ ಉತ್ತರ ಕನ್ನಡದವರಿಗೆ ಯಾರೂ ವಿವರಿಸಬೇಕಾಗಿಲ್ಲ. 2017ರ ಡಿಸೆಂಬರ್ 6ರಂದು ಹೊನ್ನಾವರದಲ್ಲಿ ಘರ್ಷಣೆ ನಡೆಯಿತು. ಅಂದು ಕಾಣೆಯಾದ ಯುವಕನೊಬ್ಬನ ಶವ 8ರಂದು ಪಟ್ಟಣದ ಶೆಟ್ಟಿಕೆರೆಯಲ್ಲಿ ದೊರೆಯಿತು. ಆ ಮಗುವಿನ ಹೆಸರನ್ನು ಈಗಾಗಲೇ ಬೇಕಾದಷ್ಟು ಮಂದಿ ಬಳಸಿಕೊಂಡಿದ್ದಾರೆ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ. ಶವ ಸಿಕ್ಕ ಬೆನ್ನಿಗೇ ಸುದ್ದಿ ಹಬ್ಬಿತು: ಮೈಮೇಲೆ ಕುದಿಯುವ ಎಣ್ಣೆ ಸುರಿದಿದ್ದಾರೆ, ಅಂಗಾಂಗಗಳನ್ನು ಕತ್ತರಿಸಿದ್ದಾರೆ, ಚಿತ್ರಹಿಂಸೆ ಕೊಟ್ಟು ಕೊಂದಿದ್ದಾರೆ. ಕಂಡವರು ಯಾರೂ ಇರಲಿಲ್ಲ. ಆದರೆ ಜವಾಬ್ದಾರಿಯ ಸ್ಥಾನದಲ್ಲಿದ್ದ ರಾಜಕಾರಣಿಗಳು ಅದನ್ನೇ ಹೇಳಿದರು, ಅವರು ಹೇಳಿದ್ದನ್ನು ಮಾಧ್ಯಮಗಳು ಮನೆಮನೆಗೆ ತಲುಪಿಸಿದವು.

ಮಣಿಪಾಲದ ವಿಧಿವಿಜ್ಞಾನ ತಜ್ಞರು ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟರು. ಬಿಸಿ ಎಣ್ಣೆಯ ಗುರುತಿಲ್ಲ, ಅಂಗಾಂಗ ಕತ್ತರಿಸಿದ ಗುರುತಿಲ್ಲ ಎಂದರು. ಪೊಲೀಸರು ಅದನ್ನು ಬಹಿರಂಗಪಡಿಸಿದರು. ಕೇಳುವ ಕಿವಿಗಳಿರಲಿಲ್ಲ. ಡಿಸೆಂಬರ್ 11ರಂದು ಕುಮಟಾದಲ್ಲಿ ಕಲ್ಲು ತೂರಾಟ ನಡೆಯಿತು, ಪೊಲೀಸ್ ಮಹಾನಿರೀಕ್ಷಕರ ವಾಹನವೇ ಸುಟ್ಟುಹೋಯಿತು. ಮರುದಿನ ಶಿರಸಿ ಹೊತ್ತಿಕೊಂಡಿತು. ಕುಮಟಾಕ್ಕೂ ಶಿರಸಿಗೂ ನಡುವಿನ ದಾರಿಯಲ್ಲಿರುವ ನಮ್ಮ ಕತಗಾಲದಂಥ ಊರುಗಳಲ್ಲಿ ಅಕ್ಕಪಕ್ಕದ ಮನೆಯವರು ಒಬ್ಬರ ಮುಖ ಒಬ್ಬರು ನೋಡಲು ಹಿಂಜರಿಯುವಂತಾದರೆ ಅದಕ್ಕೆ ಹೊಣೆ ಯಾರು? ಪ್ರಕರಣ ಸಿಬಿಐಗೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ಹೊನ್ನಾವರದ ನ್ಯಾಯಾಲಯಕ್ಕೆ ವರದಿ ಸಲ್ಲಿಸಿ, ಇದು ಕೊಲೆಯಲ್ಲ, ಆಕಸ್ಮಿಕ ಸಾವು ಎಂದಿತು. ಜಿಲ್ಲೆಗೆ ಬೆಂಕಿ ಹಚ್ಚಲು ಸುಳ್ಳಿಗೆ ಮೂರು ದಿನ ಸಾಕಾಯಿತು. ಸತ್ಯ ನ್ಯಾಯಾಲಯದ ಮೆಟ್ಟಿಲು ಹತ್ತಲು ಹೆಚ್ಚುಕಡಿಮೆ ಐದು ವರ್ಷ ಬೇಕಾಯಿತು. ಹೆತ್ತವರ ದುಃಖವನ್ನು ಸೌದೆಯಾಗಿ ಬಳಸಿದವರಾರೂ ಆ ಐದು ವರ್ಷಗಳ ಲೆಕ್ಕ ಕೊಡಲಿಲ್ಲ.

ಮಾಧ್ಯಮಗಳು ಸುಳ್ಳಿಗೆ ಬೀಳುವ ಬಗೆ ಗೂಢವಾದುದೇನಲ್ಲ. ಯಾರೋ ಅನಾಮಿಕನು ಒಂದು ಸಂದೇಶ ಹರಿಬಿಡುತ್ತಾನೆ. ಒಬ್ಬ ಮುಖಂಡ ಅದನ್ನು ತನ್ನ ಹೇಳಿಕೆಯಾಗಿಸುತ್ತಾನೆ. ಚಾನೆಲ್ ‘ಮುಖಂಡರು ಹೇಳಿದ್ದಾರೆ’ ಎನ್ನುತ್ತದೆ. ಇನ್ನೊಂದು ಚಾನೆಲ್ ಹಿಂದೆ ಬೀಳಬಾರದೆಂದು ಅದನ್ನೇ ಬಿತ್ತರಿಸುತ್ತದೆ. ಕೊನೆಗೆ ಆ ಅನಾಮಿಕನೇ ‘ನೋಡಿ, ಟಿವಿಯಲ್ಲೂ ಬಂದಿದೆ’ ಎನ್ನುತ್ತಾನೆ. ಹತ್ತು ಬಾಯಿಗಳು ಹೇಳಿದರೂ ಮೂಲ ಒಂದೇ, ಆ ಮೂಲಕ್ಕೆ ಮುಖವಿಲ್ಲ. ಹದೀಸ್ ಶಾಸ್ತ್ರ ಓದಿದವರಿಗೆ ಈ ವಂಚನೆ ಹೊಸದಲ್ಲ. ಹಲವು ದಾರಿಗಳಲ್ಲಿ ಬಂದಂತೆ ಕಾಣುವ ವರದಿ ಕಡೆಗೆ ಒಬ್ಬನೇ ದುರ್ಬಲ ವರದಿಗಾರನಲ್ಲಿ ಹೋಗಿ ನಿಂತರೆ, ಸಂಖ್ಯೆಯಿಂದ ಅದಕ್ಕೆ ಬಲ ಬರುವುದಿಲ್ಲ.

ಇನ್ನು ಕನ್ನಡ ಪತ್ರಿಕೋದ್ಯಮದ ಅಚ್ಚುಮೆಚ್ಚಿನ ಕ್ರಿಯಾಪದವೊಂದಿದೆ: ‘ಎನ್ನಲಾಗಿದೆ’. ಅಂದವರು ಯಾರೆಂದು ಕೇಳಿದರೆ ಆ ವಾಕ್ಯದಲ್ಲಿ ಕರ್ತೃವೇ ಇಲ್ಲ. ಹದೀಸ್ ವಿದ್ವಾಂಸರೂ ‘ರುವಿಯ’, ಅಂದರೆ ‘ವರದಿ ಮಾಡಲಾಗಿದೆ’, ಎಂಬ ಕರ್ಮಣಿ ರೂಪವನ್ನು ಬಳಸುತ್ತಿದ್ದರು. ಆದರೆ ಅವರು ಅದನ್ನು ಬಳಸಿದ್ದು ಓದುಗನನ್ನು ಎಚ್ಚರಿಸಲು, ಈ ವರದಿ ದುರ್ಬಲವೆಂದು ಸೂಚಿಸಲು. ನಮ್ಮ ಸುದ್ದಿಮನೆಗಳು ಅದೇ ರೂಪವನ್ನು ಹೊಣೆಯಿಂದ ನುಣುಚಿಕೊಳ್ಳಲು ಬಳಸುತ್ತವೆ. ಶೀರ್ಷಿಕೆಯ ಕೊನೆಯ ಪ್ರಶ್ನಾರ್ಥಕ ಚಿಹ್ನೆಯ ಕೆಲಸವೂ ಇದೇ: ಆರೋಪವನ್ನೂ ಹೊರಿಸಬೇಕು, ಪ್ರಶ್ನಿಸಿದರೆ ‘ನಾವು ಕೇಳಿದೆವಷ್ಟೇ’ ಎಂದೂ ಹೇಳಬೇಕು.

2020ರ ಏಪ್ರಿಲ್‌ನ ಒಂದೇ ತಿಂಗಳು ಈ ರೋಗದ ಎರಡು ಮುಖಗಳನ್ನು ತೋರಿಸಿತು. ಕೇಂದ್ರ ಸರಕಾರವು ಹೆಲಿಕಾಪ್ಟರ್‌ನಿಂದ ಊರೂರಿಗೆ ಹಣ ಸುರಿಯಲಿದೆಯೇ ಎಂದು ಪಬ್ಲಿಕ್ ಟಿವಿ ಕಾರ್ಯಕ್ರಮ ಬಿತ್ತರಿಸಿತು. ‘ಹೆಲಿಕಾಪ್ಟರ್ ಹಣ’ ಎಂಬುದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1969ರಲ್ಲಿ ಬಳಸಿದ ಒಂದು ಉಪಮೆ. ಒಬ್ಬ ಅರ್ಥಶಾಸ್ತ್ರದ ಅಧ್ಯಾಪಕರಿಗೆ ಫೋನ್ ಮಾಡಿದ್ದರೆ ಸಾಕಿತ್ತು. ಸರಕಾರವೇ ಇದು ಸುಳ್ಳೆಂದು ಪ್ರಕಟಿಸಿ ಚಾನೆಲ್‌ಗೆ ನೋಟಿಸ್ ಕೊಡಬೇಕಾಯಿತು. ನಾಡೆಲ್ಲ ನಕ್ಕಿತು.

ಅದೇ ದಿನಗಳಲ್ಲಿ ತಬ್ಲೀಗ್ ಜಮಾಅತ್‌ನ ಹೆಸರಿನಲ್ಲಿ ಇಡೀ ಸಮುದಾಯವನ್ನು ರೋಗ ಹರಡುವ ಸಂಚುಕೋರರೆಂದು ಚಿತ್ರಿಸಿದಾಗ ಮಾತ್ರ ಯಾರೂ ನಗಲಿಲ್ಲ. ತರಕಾರಿ ಮಾರುವ ಬಡವನ ಹೆಸರು ಕೇಳಿ ಗಿರಾಕಿ ಹಿಂದೆ ಸರಿದ ಕಾಲವದು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗ್ ಸದಸ್ಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಯಿತೆಂದೂ ಮಾಧ್ಯಮಗಳಲ್ಲಿ ದೊಡ್ಡ ಅಪಪ್ರಚಾರ ನಡೆಯಿತೆಂದೂ ಹೇಳಿತು. 2021ರ ಜೂನ್‌ನಲ್ಲಿ, ನಿವೃತ್ತ ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅಧ್ಯಕ್ಷತೆಯ ಸುದ್ದಿ ಪ್ರಸಾರ ಮಾನದಂಡ ಪ್ರಾಧಿಕಾರವು ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ವಿಧಿಸಿತು. ನೋವು ಆಗಿ ಒಂದು ವರ್ಷ ಕಳೆದ ಮೇಲೆ.

‘ಸುಳ್ಳು ಹುಟ್ಟುವುದು ವಾಟ್ಸ್ಆ್ಯಪ್‌ನಲ್ಲಿ, ನಮ್ಮಲ್ಲಲ್ಲ’ ಎಂಬುದು ಮಾಧ್ಯಮದವರ ಸಮರ್ಥನೆ. ಹಾಗಿದ್ದರೆ ಸಂಪಾದಕರು ಇರುವುದಾದರೂ ಏತಕ್ಕೆ? ಬೀದಿಯ ಮಾತಿಗೂ ಪತ್ರಿಕೆಯ ಮಾತಿಗೂ ನಡುವೆ ನಿಲ್ಲಬೇಕಾದ ಜರಡಿಯೇ ಅವರು. ‘ತಡಮಾಡಿದರೆ ಸ್ಪರ್ಧೆಯಲ್ಲಿ ಸೋಲುತ್ತೇವೆ’ ಎಂಬುದು ಇನ್ನೊಂದು ನೆಪ. ತಡವಾಗಿ ಬಂದ ನಿಜದಿಂದ ಯಾವ ಊರೂ ಸುಟ್ಟಿಲ್ಲ. ತಪ್ಪನ್ನು ಹಗಲಿಡೀ ಬಿತ್ತರಿಸಿ, ತಿದ್ದುಪಡಿಯನ್ನು ಅರ್ಧ ನಿಮಿಷದಲ್ಲಿ ಮುಗಿಸುವುದು ತಿದ್ದುಪಡಿಯೇ ಅಲ್ಲ.

ಆದರೆ ಪ್ರಿಯ ಸಹೋದರ ಸಹೋದರಿಯರೇ, ನ್ಯಾಯದ ಮಾತಾಡುವವರು ತಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಚಂದ್ರನ ಮೇಲೆ ಅಝಾನ್ ಕೇಳಿ ನೀಲ್ ಆರ್ಮ್‌ಸ್ಟ್ರಾಂಗ್ ಇಸ್ಲಾಮ್ ಸ್ವೀಕರಿಸಿದರೆಂಬ ಕಥೆಯನ್ನು ಮುಸ್ಲಿಮ್ ಜಗತ್ತಿನ ಪತ್ರಿಕೆಗಳೇ ಅಚ್ಚು ಹಾಕಿದವು. 1983ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಅದು ನಿಜವಲ್ಲವೆಂದು ತನ್ನ ರಾಯಭಾರ ಕಚೇರಿಗಳ ಮೂಲಕ ತಿಳಿಸಬೇಕಾಯಿತು. ಇಂದಿಗೂ ನಮ್ಮ ಕುಟುಂಬದ ಗುಂಪುಗಳಲ್ಲಿ ಅದು ‘ಮಾಶಾ ಅಲ್ಲಾಹ್’ಗಳ ಜೊತೆ ಹರಿದಾಡುತ್ತಿದೆ. ಅಲ್ಲಾಹನ ದೀನ್‌ಗೆ ಸುಳ್ಳಿನ ಊರುಗೋಲು ಬೇಕೇ? ನಮ್ಮನ್ನು ಹೊಗಳುವ ಸುಳ್ಳನ್ನು ಪರಿಶೀಲಿಸದವನಿಗೆ ನಮ್ಮನ್ನು ತೆಗಳುವ ಸುಳ್ಳಿನ ವಿರುದ್ಧ ಮಾತಾಡುವ ನೈತಿಕ ಬಲ ಎಲ್ಲಿಂದ ಬರಬೇಕು? ಸೂರಃ ಅಲ್ ಹುಜುರಾತ್‌ನ 6ನೇ ವಚನವು ಸುದ್ದಿಯನ್ನು ಪರಿಶೀಲಿಸುವ ಹೊಣೆಯನ್ನು ವಿಶ್ವಾಸಿಗಳ ಮೇಲೆ ಹೊರಿಸಿದೆ. ಅರಿಯದೆ ಒಂದು ಜನತೆಗೆ ಹಾನಿ ಮಾಡಿ ಆಮೇಲೆ ಪರಿತಪಿಸಬೇಕಾಗುತ್ತದೆಂಬ ಎಚ್ಚರಿಕೆಯೂ ಅಲ್ಲೇ ಇದೆ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿಸಲು ಸಾಕು ಎಂಬುದು ಪ್ರವಾದಿವರ್ಯರ(ಸ) ಬೋಧನೆ.

ಆದ್ದರಿಂದ ಎರಡು ಕೆಲಸಗಳು ನಮ್ಮ ಮುಂದಿವೆ. ಮೊದಲನೆಯದು, ಮೂಲ ತಿಳಿಯದ ಸುದ್ದಿ ನಮ್ಮ ಫೋನಿಗೆ ಬಂದು ಅಲ್ಲಿಯೇ ಸಾಯಲಿ. ಎರಡನೆಯದು, ಸುಳ್ಳು ಬಿತ್ತರಿಸಿದ ಚಾನೆಲ್ಲನ್ನು ಮನೆಯಲ್ಲಿ ಕುಳಿತು ಶಪಿಸುವ ಬದಲು ದಿನಾಂಕ, ಸಮಯ, ಕಾರ್ಯಕ್ರಮದ ಹೆಸರು ಬರೆದಿಟ್ಟುಕೊಂಡು ಕೂಡಲೇ ಚಾನೆಲ್‌ಗೆ, ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡೋಣ. ಪತ್ರಿಕೆಯಾದರೆ ಸಂಪಾದಕರಿಗೆ, ಆಮೇಲೆ ಭಾರತೀಯ ಪತ್ರಿಕಾ ಮಂಡಳಿಗೆ ಬರೆಯೋಣ. 2021ರ ದಂಡ ತಾನಾಗಿ ಬಂದದ್ದಲ್ಲ. ಬೆಂಗಳೂರಿನ ‘ಕ್ಯಾಂಪೇನ್ ಅಗೇನ್ಸ್ಟ್ ಹೇಟ್ ಸ್ಪೀಚ್’ ಎಂಬ ನಾಗರಿಕರ ಗುಂಪು ಕುಳಿತು ದೂರು ಬರೆದುದರ ಫಲ ಅದು. ಬಿ.ಎ. ಓದಿದ ಮಕ್ಕಳು ಪ್ರತಿ ಮನೆಯಲ್ಲೂ ಇರುವಾಗ ನಮ್ಮ ಜಿಲ್ಲೆಯಿಂದ ಅಂಥ ಒಂದು ಪತ್ರ ಹೋಗಲಾರದೇ?