ಫೋಟೋದಲ್ಲಿರುವಾಕೆ, ತಡೆದಾಕೆ

ಮೊನ್ನೆ ರಾತ್ರಿ ಊಟದ ಹೊತ್ತಿಗೆ ಯಾಕೋ 2024ರ ನವೆಂಬರಿನ ಆ ಫೋಟೋದ ಮಾತು ಬಂತು. ಪ್ರಧಾನಿ ಮೋದಿಯವರ ಹಿಂದೆ ಮಹಿಳಾ ಭದ್ರತಾ ಅಧಿಕಾರಿಯೊಬ್ಬರು ನಡೆದು ಬರುತ್ತಿದ್ದ ಚಿತ್ರ, ನಿಮಗೂ ನೆನಪಿರಬಹುದು. ಎಸ್‌ಪಿಜಿ ಕಮಾಂಡೋ ಅಂತ ಎಲ್ಲರೂ ಹಂಚಿದ್ದೇ ಹಂಚಿದ್ದು. ಆಮೇಲೆ ನೋಡಿದರೆ ಆಕೆ ಸಿಆರ್‌ಪಿಎಫ್‌ನವರು, ರಾಷ್ಟ್ರಪತಿ ಮುರ್ಮು ಅವರ ಭದ್ರತೆಗಿದ್ದವರು! "ಹಂಗಾದ್ರೆ ಹೆಂಗಸ್ರನ್ನ ಇಡೋದು ಫೋಟೋಕ್ಕೇ ಅನ್ನು" ಅಂದರು ಮಾವ.

ಮಾವನ ಅನುಮಾನ ಪೂರ್ತಿ ಸುಳ್ಳಲ್ಲ ಬಿಡಿ. ಲಿಬಿಯಾದ ಗಡಾಫಿ ಹೋದಲ್ಲೆಲ್ಲ ಸಮವಸ್ತ್ರ ತೊಟ್ಟ ಅಂಗರಕ್ಷಕಿಯರ ದಂಡು ಕಟ್ಟಿಕೊಂಡು ಹೋಗುತ್ತಿದ್ದ. ಸ್ತ್ರೀ ವಿಮೋಚನೆ ಅಂತ ಭಾಷಣ ಬೇರೆ. 2011ರಲ್ಲಿ ಅವನು ಬಿದ್ದ ಮೇಲೆ, ಅವರಲ್ಲಿ ಕೆಲವರು ತಮ್ಮ ಮೇಲೆ ಅವನೇ ಅತ್ಯಾಚಾರ ಮಾಡಿದ್ದ ಅಂತ ಹೇಳಿಕೊಂಡರು. ಕಾಯುವವಳನ್ನು ಕಾಯುವವರು ಯಾರು?

ಆದರೆ ನನಗೆ ನೆನಪಾದದ್ದು ಶ್ರೀಪೆರಂಬುದೂರು. 1991ರ ಮೇ 21. ರಾಜೀವ್ ಗಾಂಧಿ ಆಗ ಪ್ರಧಾನಿಯಲ್ಲ, ಎಸ್‌ಪಿಜಿ ಕಾವಲೂ ಇರಲಿಲ್ಲ. ಗಂಧದ ಹಾರ ಹಿಡಿದು ಬಂದ ಧನುವನ್ನು ಅನಸೂಯಾ ಎಂಬ ಸಬ್ ಇನ್‌ಸ್ಪೆಕ್ಟರ್ ಕೈ ಅಡ್ಡ ಹಾಕಿ ತಡೆದರು. ಬರಲಿ ಬಿಡಿ ಅಂತ ಸಮಾಧಾನ ಹೇಳಿದ್ದು ಸ್ವತಃ ರಾಜೀವ್. ಅನಸೂಯಾ ಹಿಂದೆ ಸರಿದರು. ಧನು ಕಾಲು ಮುಟ್ಟಲು ಬಗ್ಗಿದಳು. ಮುಂದಿನದು ಗೊತ್ತೇ ಇದೆ. ಅನಸೂಯಾ ಗಾಯಗೊಂಡು ಬದುಕಿದರು. ಆ ಸಂಚಿನ ಶಿವರಾಸನ್ ಕೊನೆಗೆ ಸತ್ತದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲಿ.

ಹೆಂಗಸನ್ನು ಮುಟ್ಟಿ ತಪಾಸಣೆ ಮಾಡಲು ಹೆಂಗಸೇ ಬೇಕು. ಬಾಂಬು ಕಟ್ಟಿ ಕಳಿಸುವವರಿಗೂ ಇದು ಚೆನ್ನಾಗಿ ಗೊತ್ತು. ಹಾಗಾಗಿ ಮಹಿಳಾ ಸಿಬ್ಬಂದಿ ಅನ್ನುವುದು ಮೀಸಲಾತಿಯ ಮಾತೂ ಅಲ್ಲ, ಶೋಕಿಯೂ ಅಲ್ಲ. 2001ರ ಡಿಸೆಂಬರ್ 13ರಂದು ಸಂಸತ್ತಿನ ಗೇಟಿನಲ್ಲಿದ್ದ ಸಿಆರ್‌ಪಿಎಫ್‌ನ ಕಮಲೇಶ್ ಕುಮಾರಿಯವರ ಕೈಯಲ್ಲಿ ಬಂದೂಕೇ ಇರಲಿಲ್ಲ, ವಾಕಿಟಾಕಿ ಇತ್ತು. ಉಗ್ರರನ್ನು ಕಂಡು ಕೂಗಿ ಎಚ್ಚರಿಸಿದರು, ಗುಂಡಿಗೆ ಬಲಿಯಾದರು. ಅಶೋಕ ಚಕ್ರ ಬಂತು, ಮರಣೋತ್ತರ. ವಿಐಪಿ ಭದ್ರತೆಗೆಂದೇ ಸಿಆರ್‌ಪಿಎಫ್ ಮಹಿಳೆಯರ ತಂಡವೊಂದಕ್ಕೆ ತರಬೇತಿ ಕೊಟ್ಟದ್ದು ಇಪ್ಪತ್ತು ವರ್ಷದ ಮೇಲೆ, 2021ರಲ್ಲಿ!

ನನ್ನ ತಕರಾರು ಇಷ್ಟೇ. ಆಕೆಯನ್ನು ನಿಲ್ಲಿಸಿದರೆ ಸಾಲದು, ಆಕೆ "ಬೇಡ" ಅಂದಾಗ ನಾಯಕರೂ ನಿಲ್ಲಬೇಕು. ಜನರ ನಡುವೆ ನುಗ್ಗಿ ಕೈ ಕುಲುಕುವುದು ಓಟಿಗೆ ಒಳ್ಳೆಯದೇ ಇರಬಹುದು, ಆದರೆ ಆ ಕ್ಷಣದಲ್ಲಿ ಸಾಯುವುದು ನಾಯಕರೊಬ್ಬರೇ ಅಲ್ಲ. ಅವತ್ತು ಪೊಲೀಸರೂ ಸತ್ತರು, ಸುಮ್ಮನೆ ನೋಡಲು ಬಂದವರೂ ಸತ್ತರು.

ಇಷ್ಟೆಲ್ಲ ಹೇಳಿದ ಮೇಲೆ ಮಾವ ಕೇಳಿದ್ದು ಒಂದೇ: "ಆ ಅನಸೂಯಾ ಎಂಬಾಕೆ ಇನ್ನೊಂದು ಸಲ ತಡೆದಿದ್ರೆ?"

ತಡೆದಿದ್ದರೆ ಬಹುಶಃ ಮಾರನೇ ದಿನ, ನಾಯಕರಿಗೆ ಎದುರಾಡಿದ್ದಕ್ಕೆ ಆಕೆಗೆ ನೋಟಿಸು ಬರುತ್ತಿತ್ತು ಅಂದೆ.